ದ್ವೀಪದಿಂದ ದ್ವೀಪಕ್ಕೆ ಸಣ್ಣ ವಿಮಾನವೋ ದೋಣಿಯೋ: ಕಮ್ಮಿ ದುಡ್ಡಲ್ಲಿ ತಿರುಗೋರಿಗೆ ಒಂದು ಲೆಕ್ಕ

ನಮ್ಮನೆ ಇರೋದು ಸಾಗರ ತಾಲೂಕಿನ ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡ. ಲಿಂಗನಮಕ್ಕಿ ಡ್ಯಾಮಲ್ಲಿ ನೀರು ನಿಂತ ಮೇಲೆ ನಮ್ ಕಡೆಯವ್ರು ಪೇಟೆಗೆ ಬರ್ಬೇಕು ಅಂದ್ರೆ ಹೊಳೆಬಾಗಿಲಲ್ಲಿ ಲಾಂಚ್ ಕಾಯಬೇಕಿತ್ತು, 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಪನ್ ಆಗೋವರೆಗೂ ಅದೇ ಬದುಕು. ಲಾಂಚಿಗೆ ಕೊಡೋದು ಚಿಲ್ಲರೆ ಕಾಸು, ಆದ್ರೆ ಸಂಜೆ ಲಾಸ್ಟ್ ಲಾಂಚ್ ತಪ್ತು ಅಂದ್ರೆ ಸಾಗರದಲ್ಲಿ ನೆಂಟರ ಮನೇಲೋ ಲಾಡ್ಜಲ್ಲೋ ಉಳ್ಕೊಂಡು ಮಾರನೇ ದಿನದ ಅರ್ಧ ಕೆಲಸ ಬಿಟ್ಟು ಬರ್ಬೇಕಿತ್ತು. ಹಂಗಾಗಿ ನೀರು ದಾಟೋ ಪ್ರಯಾಣದಲ್ಲಿ ಟಿಕೆಟ್ ರೇಟ್ ನೋಡಿ ಸಾಕಾಗಲ್ಲ, ದಿನದ ರೇಟೂ ಲೆಕ್ಕ ಹಾಕ್ಬೇಕು ಅನ್ನೋದು ನಮ್ಗೆ ಸಣ್ಣವರಿದ್ದಾಗಿಂದ ಗೊತ್ತು.

ಈಗ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ದ್ವೀಪ ಸುತ್ತೋ ನಮ್ ಊರಿನ ಹುಡುಗ್ರು ಹುಡುಗೀರು ಜಾಸ್ತಿ ಆಗಿದಾರೆ, ಶಿವಮೊಗ್ಗದಲ್ಲಿ ಸಿಕ್ಕಾಗೆಲ್ಲ ಕೇಳೋದು ಒಂದೇ ಪ್ರಶ್ನೆ, ಅಲ್ಲಿ ಸಣ್ಣ ವಿಮಾನ ತಗೊಳ್ಳೋದಾ ಇಲ್ಲ ದೋಣಿಲೇ ಹೋಗೋದಾ ಅಂತ. ಒಂದೇ ಮಾತಲ್ಲಿ ಹೇಳೋಕ್ಕಾಗಲ್ಲ, ಜಾಗ ಜಾಗಕ್ಕೂ ಬೇರೆ. ಆದ್ರೆ ಲೆಕ್ಕ ಹಾಕೋ ರೀತಿ ಎಲ್ಲಾ ಕಡೆ ಒಂದೇ, ಅದನ್ನ ಮೊದ್ಲು ಹೇಳ್ತೀನಿ.

ನಿಮ್ಮ ಒಂದು ದಿನದ ಖರ್ಚು, ಅಂದ್ರೆ ಹಾಸ್ಟೆಲ್ ಬೆಡ್ಡು, ಊಟ, ಓಡಾಟ ಎಲ್ಲಾ ಸೇರಿ 2,000 ರೂಪಾಯಿ ಅಂತಿಟ್ಕೊಳ್ಳಿ. ದೋಣಿ ಟಿಕೆಟ್ 1,500, ಆದ್ರೆ ಅದು ಇಡೀ ದಿನ ತಿನ್ನುತ್ತೆ. ವಿಮಾನದ ಟಿಕೆಟ್ 4,500, ಬೆಳಗ್ಗೆ ಹತ್ತಿದ್ರೆ ಮಧ್ಯಾಹ್ನದ ಊಟಕ್ಕೆ ಆ ದ್ವೀಪದಲ್ಲಿರ್ತೀರಿ. ಮೇಲ್ನೋಟಕ್ಕೆ 3,000 ಫರಕು, ದೋಣಿಗೆ ಹೋದ ಒಂದು ದಿನದ 2,000 ಸೇರಿಸಿದ್ರೆ ನಿಜವಾದ ಫರಕು 1,000 ಅಷ್ಟೇ. ಹತ್ತು ದಿನದ ರಜೆ ಹಾಕಿ ಬಂದೋರು ಆ ಸಾವಿರ ಕೊಡೋದೇ ಸರಿ, ಎರಡು ತಿಂಗಳು ತಿರುಗೋಕೆ ಬಂದೋರು ದೋಣಿ ಹತ್ತಲಿ. ಇನ್ನು ದೋಣಿ ರಾತ್ರಿ ಹೊರಟು ಬೆಳಗ್ಗೆ ಮುಟ್ಟುತ್ತೆ, ಮಲಗೋಕೆ ಜಾಗನೂ ಇರುತ್ತೆ ಅಂದ್ರೆ ಲೆಕ್ಕ ಪೂರಾ ತಿರುಗಿಬಿಡುತ್ತೆ, ಆಗ ರೂಮಿನ ದುಡ್ಡೂ ಉಳೀತು ದಿನಾನೂ ಉಳೀತು, ನಾವು ತಾಳಗುಪ್ಪದಿಂದ ಹೊರಡೋ ರಾತ್ರಿ ರೈಲಲ್ಲಿ ಬೆಂಗಳೂರಿಗೆ ಹೋಗೋ ಹಂಗೆ. ಇದಕ್ಕೆಲ್ಲ ಬ್ಯಾಗಿನ ಎಕ್ಸ್‌ಟ್ರಾ ಚಾರ್ಜು, ಏರ್‌ಪೋರ್ಟಿಗೋ ಜೆಟ್ಟಿಗೋ ಹೋಗೋ ಟ್ಯಾಕ್ಸಿ ದುಡ್ಡು ಸೇರಿಸಿಕೊಳ್ಳಿ, ಜೆಟ್ಟಿ ಸಾಮಾನ್ಯವಾಗಿ ಊರ ಮಧ್ಯದಲ್ಲೇ ಇರುತ್ತೆ, ಏರ್‌ಪೋರ್ಟು ಇರಲ್ಲ. ನಾನಂತೂ ಮೂರು ಗಂಟೆ ಒಳಗೆ ಮುಟ್ಟೋ ದೋಣಿ ಇದ್ರೆ ವಿಮಾನ ಹುಡುಕೋಕೇ ಹೋಗಲ್ಲ, ಚೆಕ್‌ಇನ್ನು, ಕಾಯೋದು, ಟ್ಯಾಕ್ಸಿ ಎಲ್ಲಾ ಸೇರಿ ಅಷ್ಟೇ ಹೊತ್ತು ಆಗುತ್ತೆ.

ಸಣ್ಣ ವಿಮಾನ ಅಂದ್ರೆ ಎಲ್ಲಾ ಒಂದೇ ಅಲ್ಲ, ಇದು ತುಂಬಾ ಜನಕ್ಕೆ ಕನ್‌ಫ್ಯೂಸ್ ಆಗುತ್ತೆ. ನಮ್ಮ ಶಿವಮೊಗ್ಗದ ಸೊಗಾನೆ ಏರ್‌ಪೋರ್ಟಿಗೆ 2023ರ ಆಗಸ್ಟ್ 31ರಂದು ಮೊದಲ ಸಲ ಪ್ರಯಾಣಿಕರನ್ನ ಕರ್ಕೊಂಡು ಬಂದಿದ್ದು ಎಟಿಆರ್ 72, ಎರಡು ರೆಕ್ಕೆಗೂ ಒಂದೊಂದು ಫ್ಯಾನು, 70ರಿಂದ 78 ಸೀಟು, ಆ ಕಡೆ ಎರಡು ಈ ಕಡೆ ಎರಡು. ಇದೂ ದ್ವೀಪಗಳ ಮಧ್ಯೆ ಓಡುತ್ತೆ, ಆದ್ರೆ ಅನುಭವದಲ್ಲಿ ಇದು ದೊಡ್ಡ ವಿಮಾನದ ತಮ್ಮ ಅಷ್ಟೇ, ಸ್ವಲ್ಪ ಸದ್ದು, ಸ್ವಲ್ಪ ಜಾಸ್ತಿ ಕುಲುಕಾಟ. ನಿಜವಾಗ್ಲೂ ಸಣ್ಣದು ಅಂದ್ರೆ ಸೆಸ್ನಾ ಕ್ಯಾರವಾನ್, ಒಂದೇ ಎಂಜಿನ್, ಮೂಗಿನ ಮೇಲೆ ಒಂದೇ ಫ್ಯಾನು, ಹನ್ನೆರಡರ ಆಸುಪಾಸು ಸೀಟು, ಜನ ಬ್ಯಾಗು ಪೆಟ್ರೋಲು ಎಲ್ಲಾ ಸೇರಿಸಿದ್ರೂ ಒಟ್ಟು ತೂಕ ನಾಕು ಟನ್ ದಾಟಂಗಿಲ್ಲ. ಪೆಟ್ರೋಲು ಅಂತ ಬಾಯಿಗೆ ಬಂದಂಗೆ ಅಂದೆ, ಅದಕ್ಕೆ ಹಾಕೋದು ದೊಡ್ಡ ಜೆಟ್ಟಿಗೆ ಹಾಕೋ ಇಂಧನಾನೇ. ಇನ್ನೊಂದು ಟ್ವಿನ್ ಆಟರ್, ಎರಡು ಎಂಜಿನ್, ಮಾಲ್ಡೀವ್ಸಲ್ಲಿ ಚಕ್ರದ ಬದ್ಲು ತೇಲೋ ಕಾಲು ಹಾಕ್ಕೊಂಡು ನೀರ ಮೇಲೇ ಇಳಿಯುತ್ತಲ್ಲ ಅದು.

ಈ ಸಣ್ಣವುಗಳಲ್ಲಿ ಎಲ್ಲಾ ನಡೆಯೋದು ತೂಕದ ಮೇಲೆ. ಹೊಳೆಬಾಗಿಲ ಲಾಂಚ್ ಹತ್ತಿದೋರಿಗೆ ಇದು ಬೇಗ ಅರ್ಥ ಆಗುತ್ತೆ, ಬಸ್ಸು ಬಂತು ಅಂದ್ರೆ ಅದನ್ನ ಎಲ್ಲಿ ನಿಲ್ಲಿಸ್ಬೇಕು, ಜೀಪು ಕಾರು ಯಾವ ಕಡೆ ಎಷ್ಟು ಅಂತ ಲಾಂಚಿನವ್ರು ಕೈ ಸನ್ನೆ ಮಾಡಿ ಒಂದೊಂದೇ ಹತ್ತಿಸ್ತಿದ್ರು, ಒಂದು ಮಗ್ಗುಲಿಗೆ ಭಾರ ಆಗ್ಬಾರ್ದು ಅಂತ. ಕ್ಯಾರವಾನಲ್ಲೂ ಅದೇ. ಬ್ಯಾಗ್ ತೂಗ್ತಾರೆ, ಕೆಲವು ಕಡೆ ನಮ್ಮನ್ನೂ ತೂಕದ ಮೆಷಿನ್ ಮೇಲೆ ನಿಲ್ಲಿಸ್ತಾರೆ, ಆಮೇಲೆ ನೀವಿಲ್ಲಿ ಅವ್ರಲ್ಲಿ ಅಂತ ಕೂರಿಸ್ತಾರೆ. ಗಂಡ ಹೆಂಡ್ತಿ ಪಕ್ಕ ಪಕ್ಕ ಕೂತ್ಕೊಳ್ತೀವಿ ಅಂದ್ರೆ ಆಗದೇ ಇರಬಹುದು, ಬೇಜಾರು ಮಾಡ್ಕೋಬೇಡಿ.

ನಾನು ಮೊದಲ ಸಲ ಕ್ಯಾರವಾನ್ ಹತ್ತಿದ್ದು ಟಾಂಜಾನಿಯಾದಲ್ಲಿ, ದಾರ್ ಎಸ್ ಸಲಾಮಿಂದ ಜಾಂಜಿಬಾರಿಗೆ, ಸುಮಾರು 20 ನಿಮಿಷದ ಹಾರಾಟ. ಸಣ್ಣ ವಿಮಾನಗಳಿಗೇ ಅಂತ ಇರೋ ಹಳೇ ಟರ್ಮಿನಲ್ಲು, ನಮ್ಮ ಕಡೆ ಸೊಸೈಟಿ ಗೋಡೌನಲ್ಲಿ ಇಡೋ ಥರದ ತೂಕದ ಮೆಷಿನ್ನು. 15 ಕೆಜಿ ಮಿತಿ, ಕೈಚೀಲನೂ ಅದ್ರಲ್ಲೇ. ನನ್ನ ಬ್ಯಾಗು 17 ತೋರಿಸ್ತು, ಒಳಗೆ ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿ ಇತ್ತು, ಅದನ್ನ ಬಿಡೋ ಪ್ರಶ್ನೆನೇ ಇಲ್ಲ, ಎರಡು ಕೆಜಿಗೆ ದುಡ್ಡು ಕಟ್ಟಿದೆ. ವಿಮಾನದ ಹತ್ರ ನಡ್ಕೊಂಡೇ ಹೋಗೋದು, ನಾಕು ಮೆಟ್ಟಿಲು, ತಲೆ ಬಗ್ಗಿಸಿ ಹತ್ತಬೇಕು. ಪೈಲಟ್ ಒಬ್ರೇ ಇದ್ರು, ನನ್ನ ನೋಡಿ ಮುಂದೆ ಬಾ ಅಂತ ಕರ್ದು ಅವ್ರ ಪಕ್ಕದ ಸೀಟಲ್ಲಿ ಕೂರಿಸಿದ್ರು. ನನ್ನ ಮೊಣಕಾಲ ಮುಂದೆನೂ ಒಂದು ಸ್ಟಿಯರಿಂಗು, ಪೈಲಟ್ ತಮ್ಮದನ್ನ ಎಳೆದ್ರೆ ಇದೂ ತಾನಾಗೇ ಎದೆ ಕಡೆ ಬರ್ತಿತ್ತು, ತಳ್ಳಿದ್ರೆ ಮುಂದಕ್ಕೆ ಹೋಗ್ತಿತ್ತು, ಮುಟ್ಟಬೇಡ ಅಂತ ಒಂದೇ ಮಾತು ಹೇಳಿದ್ರು. ಕಾಲು ಹಿಂದಕ್ಕೆ ಮಡಚಿ, ಎರಡು ಕೈ ತೊಡೆ ಕೆಳಗೆ ಇಟ್ಕೊಂಡು ಕೂತೆ. ಮೇಲೆ ಎದ್ದ ಮೇಲೆ ಕೆಳಗೆ ಸಮುದ್ರ ಒಂದೊಂದು ಕಡೆ ಒಂದೊಂದು ಬಣ್ಣ, ಹವಳದ ದಿಬ್ಬ ಇರೋ ಕಡೆ ಎಳೇ ಹಸಿರು, ಆಳ ಇರೋ ಕಡೆ ಕಪ್ಪು ನೀಲಿ, ಮಧ್ಯೆ ಬಿಳೀ ಹಾಯಿ ಕಟ್ಟಿದ ಮರದ ದೋಣಿಗಳು. ಇಳಿಯೋವಾಗ ಎದುರಿನ ಗಾಜಲ್ಲಿ ರನ್‌ವೇ ಮೊದ್ಲು ಬೆರಳಷ್ಟು ಕಂಡು ಆಮೇಲೆ ಅಗಲ ಆಗ್ತಾ ಆಗ್ತಾ ಬರುತ್ತಲ್ಲ, ಅದನ್ನ ಯಾವ ದೊಡ್ಡ ವಿಮಾನದ ಕಿಟಕೀಲೂ ನೋಡೋಕ್ಕಾಗಲ್ಲ ಮಾರಾಯ್ರೆ.

ಇಷ್ಟು ಚೆಂದ ಇದ್ರೂ ಇವತ್ತು ಅದೇ ದಾರಿಗೆ ಯಾರಾದ್ರೂ ಕೇಳಿದ್ರೆ ನಾನು ದೋಣಿ ಅಂತೀನಿ. ದೊಡ್ಡ ಕ್ಯಾಟಮರಾನ್ ದೋಣಿಗಳು ಎರಡು ಗಂಟೆ ಒಳಗೆ ಮುಟ್ಟಿಸ್ತವೆ, ವಿದೇಶಿಯರಿಗೆ ಎಕಾನಮಿ ಟಿಕೆಟ್ 35 ಡಾಲರ್ ಆಸುಪಾಸು, ವಿಮಾನಕ್ಕೆ ಅದಕ್ಕಿಂತ ಸುಮಾರು ಜಾಸ್ತಿ. ಅದೂ ಅಲ್ದೆ 2025ರ ಜೂನಲ್ಲಿ ಯುರೋಪಿಯನ್ ಯೂನಿಯನ್ ಟಾಂಜಾನಿಯಾದ ಎಲ್ಲಾ ವಿಮಾನ ಕಂಪನಿಗಳನ್ನೂ ತನ್ನ ಸುರಕ್ಷತೆಯ ನಿಷೇಧ ಪಟ್ಟಿಗೆ ಸೇರಿಸ್ತು, ಅಲ್ಲಿನ ಮೇಲ್ವಿಚಾರಣೆ ಸರಿ ಇಲ್ಲ ಅನ್ನೋ ಕಾರಣಕ್ಕೆ. ಹಾರೋದು ಬಿಡೋದು ನಿಮಗೆ ಬಿಟ್ಟಿದ್ದು, ಆದ್ರೆ ನಿಮ್ಮ ಟ್ರಾವೆಲ್ ಇನ್ಶೂರೆನ್ಸ್ ಇಂಥಾ ಕಂಪನಿ ವಿಮಾನಕ್ಕೆ ಅನ್ವಯ ಆಗುತ್ತಾ ಅಂತ ಓದಿ ನೋಡಿ. ದೋಣಿ ಅಂದ ಮಾತ್ರಕ್ಕೆ ಭಯ ಇಲ್ಲ ಅಂತಲ್ಲ. 2011ರ ಸೆಪ್ಟೆಂಬರಲ್ಲಿ ಪೆಂಬಾ ದ್ವೀಪಕ್ಕೆ ಹೊರಟಿದ್ದ ಸ್ಪೈಸ್ ಐಲ್ಯಾಂಡರ್ ಅನ್ನೋ ಹಡಗು ಮಿತಿಮೀರಿ ಜನ ತುಂಬ್ಕೊಂಡು ಮುಳುಗಿ ನೂರಾರು ಜನ ಹೋದ್ರು, ಮಾರನೇ ವರ್ಷ ಜುಲೈಲಿ ಇನ್ನೊಂದು ಮುಳುಗ್ತು. ಹಂಗಾಗಿ ಎಲ್ಲೇ ಆಗ್ಲಿ ದೋಣಿ ಹತ್ತೋವಾಗ ಜನ ನಿಲ್ಲೋಕೂ ಜಾಗ ಇಲ್ದಂಗೆ ತುಂಬಿಸಿದ್ರೆ ಇಳಿದ್ಬಿಡಿ, ಟಿಕೆಟ್ ದುಡ್ಡು ಹೋದ್ರೆ ಹೋಗ್ಲಿ. ಲೈಫ್ ಜಾಕೆಟ್ ಎಲ್ಲಿದೆ ಅಂತ ಕೂತ ತಕ್ಷಣ ನೋಡ್ಕೊಳ್ಳಿ. ಟಾಂಜಾನಿಯಾಕ್ಕೆ ಹೋಗೋರು ಇನ್ನೊಂದು ಮರೀಬೇಡಿ, ಯೆಲ್ಲೋ ಫೀವರ್ ಇಂಜೆಕ್ಷನ್ ಹೋಗೋಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸ್ಕೊಂಡು ಅದರ ಸರ್ಟಿಫಿಕೇಟು, ಆ ಹಳದಿ ಕಾರ್ಡ್, ಜೊತೆಗಿಟ್ಕೊಳ್ಳಿ, ಅದಿಲ್ದೆ ವಾಪಸ್ ಬಂದ್ರೆ ನಮ್ಮ ದೇಶದ ಏರ್‌ಪೋರ್ಟಲ್ಲಿ ತೊಂದ್ರೆ ಆಗುತ್ತಾ ಅಂತ ಹೊರಡೋ ಮುಂಚೆನೇ ವಿಚಾರಿಸ್ಕೊಳ್ಳಿ.

ಇಂಡೋನೇಷಿಯಾ ನನ್ನ ಪ್ರಕಾರ ಈ ಲೆಕ್ಕ ಕಲಿಯೋಕೆ ಒಳ್ಳೇ ಜಾಗ, ಯಾಕಂದ್ರೆ ಒಂದೇ ದೇಶದಲ್ಲಿ ಎರಡೂ ಥರದ ಉತ್ತರ ಸಿಗುತ್ತೆ. ಬಾಲಿಯಿಂದ ಲೊಂಬೊಕ್ ದ್ವೀಪಕ್ಕೆ ಪಾದಾಂಗ್ ಬಾಯಿ ಬಂದರಿಂದ ಲೆಂಬಾರಿಗೆ ದೊಡ್ಡ ಹಡಗು ಹಗಲು ರಾತ್ರಿ ಓಡ್ತಾನೇ ಇರುತ್ತೆ, ಲಾರಿ ಬೈಕು ಎಲ್ಲಾ ಹತ್ತುತ್ತೆ, ನಾಕೈದು ಗಂಟೆ, ಟಿಕೆಟ್ ನಮ್ಮ ದುಡ್ಡಲ್ಲಿ ಕೆಲವು ನೂರು ಅಷ್ಟೇ. ವಿಮಾನ ಅರ್ಧ ಮುಕ್ಕಾಲು ಗಂಟೆ ಹಾರುತ್ತೆ. ಇಲ್ಲಿ ನಾನು ಮೂರು ಗಂಟೆ ರೂಲ್ ಮುರಿದು ಹಡಗೇ ತಗೊಳ್ತೀನಿ, ಡೆಕ್ ಮೇಲೆ ಕೂತು ಬಾಲಿ ಕಡೆ ಆಗುಂಗ್ ಬೆಟ್ಟ, ಲೊಂಬೊಕ್ ಕಡೆ ರಿಂಜಾನಿ ಬೆಟ್ಟ, ಎರಡೂ ಜ್ವಾಲಾಮುಖಿ, ಆಕಾಶ ಸ್ವಚ್ಛ ಇದ್ರೆ ಕಾಣ್ತವೆ. ಆದ್ರೆ ಅಲ್ಲಿಂದ ಮುಂದೆ ಕೊಮೊಡೊ ಡ್ರ್ಯಾಗನ್ ನೋಡೋಕೆ ಫ್ಲೋರೆಸ್ ದ್ವೀಪದ ಲಾಬುವಾನ್ ಬಾಜೊಗೆ ಹೋಗ್ಬೇಕು ಅಂದ್ರೆ ಬಸ್ಸು, ಹಡಗು, ಮತ್ತೆ ಬಸ್ಸು, ಸಾಪೆ ಅನ್ನೋ ಬಂದರಲ್ಲಿ ಕಾದು ಮತ್ತೆ ಹಡಗು, ಲೊಂಬೊಕಿಂದನೇ ಒಂದು ದಿನದ ಮೇಲಾಗುತ್ತೆ, ಅಲೆ ಜೋರಿದ್ರೆ ಸಾಪೆಯಲ್ಲೇ ರಾತ್ರಿ ಕಳೀಬೇಕು. ಬಾಲಿಯಿಂದ ವಿಮಾನಕ್ಕೆ ಒಂದು ಗಂಟೆ ಚಿಲ್ಲರೆ. ಇಲ್ಲಿ ಕಣ್ಮುಚ್ಚಿ ವಿಮಾನ, ಎರಡು ಮೂರು ವಾರ ಮುಂಚೆ ಬುಕ್ ಮಾಡಿ.

ಇಂಡೋನೇಷಿಯಾದ ಒಳಗೊಳಗಿನ ದ್ವೀಪ, ಗುಡ್ಡಗಾಡಿಗೆ ಹೋಗೋದು ಸೂಸಿ ಏರ್ ಅವ್ರ ಕ್ಯಾರವಾನ್‌ಗಳು. ಇದರ ಹಿಂದಿನ ಕತೆ ನನಗೆ ಬಹಳ ಇಷ್ಟ. ಸೂಸಿ ಪುಜಿಯಾಸ್ತುತಿ ಅನ್ನೋ ಹೆಣ್ಮಗಳು ಓದು ಅರ್ಧಕ್ಕೇ ಬಿಟ್ಟು ಮೀನು ವ್ಯಾಪಾರಕ್ಕೆ ಇಳಿದೋರು, ಹಿಡಿದ ಸಿಗಡಿ ತಾಜಾ ಇರೋವಾಗ್ಲೇ ಪೇಟೆ ಮುಟ್ಟಿಸ್ಬೇಕು ಅಂತ ಸಾಲ ಮಾಡಿ ಕ್ಯಾರವಾನ್ ತಗೊಂಡ್ರು, 2004ರ ಡಿಸೆಂಬರಲ್ಲಿ ಸುನಾಮಿ ಬಂದಾಗ ಅದೇ ವಿಮಾನ ಸುಮಾತ್ರಾದ ಆಚೇ (Aceh) ಪ್ರಾಂತ್ಯಕ್ಕೆ ಅಕ್ಕಿ ಔಷಧಿ ಹೊತ್ತು ಹೋಯ್ತು, ಅಲ್ಲಿಂದ ಅದು ಪ್ರಯಾಣಿಕರ ಕಂಪನಿ ಆಯ್ತು, ಸೂಸಿಯವ್ರು 2014ರಿಂದ 2019ರವರೆಗೆ ಮೀನುಗಾರಿಕೆ ಮಂತ್ರಿನೂ ಆಗಿದ್ರು. ಇದ್ರಲ್ಲಿ ಕೆಲವು ದಾರಿಗೆ ಸರ್ಕಾರ ಸಬ್ಸಿಡಿ ಕೊಡುತ್ತೆ, ಹಂಗಾಗಿ ಟಿಕೆಟ್ ಕಮ್ಮಿ. ಆದ್ರೆ ಅದು ಆ ದ್ವೀಪದ ಜನರಿಗೆ, ಬಾಣಂತಿಯರಿಗೆ, ಕಾಯಿಲೆಯವ್ರಿಗೆ ಅಂತ ಇರೋ ಸಬ್ಸಿಡಿ. ಹತ್ತು ಹನ್ನೆರಡು ಸೀಟಲ್ಲಿ ನಾವು ಫೋಟೋಗೋಸ್ಕರ ಒಂದು ಹಿಡ್ಕೊಂಡ್ರೆ ಅಲ್ಲಿನವ್ರೊಬ್ರಿಗೆ ಸಿಗಲ್ಲ. ಬೇರೆ ದಾರಿ ಇರೋವಾಗ ಅದನ್ನ ಬಿಟ್ಕೊಡಿ ಅಂತ ಕೇಳ್ಕೊಳ್ತೀನಿ. ಮಳೆಗಾಲದಲ್ಲಿ ನೀರು ದಾಟೋಕಾಗ್ದೆ ಕಾಯಿಲೆಯವ್ರನ್ನ ದಡದಲ್ಲಿ ಇಟ್ಕೊಂಡು ಕೂರೋದು ಏನು ಅಂತ ನಮ್ಮೂರಲ್ಲಿ ಎಲ್ರೂ ನೋಡಿದೀವಿ.

ಮಾಲ್ಡೀವ್ಸ್ ಬೇಗ ಮುಗಿಸ್ತೀನಿ. ಅಲ್ಲಿ ಸೀಪ್ಲೇನ್ ಇರೋದು ರೆಸಾರ್ಟಿನವ್ರಿಗೆ, ಹೋಗಿ ಬರೋಕೆ ಒಬ್ರಿಗೆ ನೂರಾರು ಡಾಲರ್, ನಮ್ಮಂಥೋರ ಇಡೀ ಟ್ರಿಪ್ಪಿನ ದುಡ್ಡು. ಹಗಲು ಬೆಳಕಲ್ಲಿ ಮಾತ್ರ ಹಾರುತ್ತೆ, ನಿಮ್ಮ ಬೆಂಗಳೂರಿನ ವಿಮಾನ ಸಂಜೆ ಇಳಿದ್ರೆ ಮಾಲೆಯಲ್ಲಿ ಒಂದು ರಾತ್ರಿ ರೂಮಿನ ಖರ್ಚು ಬೇರೆ. ಬದ್ಲಿಗೆ ಜನ ವಾಸ ಮಾಡೋ ಮಾಫುಶಿ ಥರದ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ಇವೆ, ಸರ್ಕಾರಿ ಫೆರಿ ಒಂದೂವರೆ ಗಂಟೆ, ಎರಡು ಮೂರು ಡಾಲರಲ್ಲಿ ಮುಗಿಯುತ್ತೆ, ಶುಕ್ರವಾರ ಮಾತ್ರ ಫೆರಿ ಇರಲ್ಲ, ಅವತ್ತು ಇಳಿಯೋ ಹಂಗೆ ಟಿಕೆಟ್ ಮಾಡ್ಬೇಡಿ. ಸ್ಪೀಡ್ ಬೋಟು ಮುಕ್ಕಾಲು ಗಂಟೆ ಒಳಗೆ ಮುಟ್ಟಿಸುತ್ತೆ, 25 ಡಾಲರ್ ಆಸುಪಾಸು. ವಿಮಾನ ತಗೊಳ್ಬೇಕಾದ ಜಾಗ ಒಂದೇ, ತೆಂಕಣ ತುದಿಯ ಅಡ್ಡು, ಮಾಲೆಯಿಂದ 500 ಕಿಲೋಮೀಟರ್ ಮೇಲೆ ದೂರ, ಅಲ್ಲಿಗೆ ಗಾನ್ ಏರ್‌ಪೋರ್ಟಿಗೆ ಹಾರೋದೇ ಸರಿ. ಅಲ್ಲಿನ ಜನಾನೂ ಊಟ ಆದ್ಮೇಲೆ ತೆಳ್ಳಗೆ ಹೆರೆದ ಅಡಿಕೆ ಲವಂಗ ಬಾಯಿಗೆ ಹಾಕ್ಕೊಳ್ತಾರೆ, ನಮ್ದು ಅಡಿಕೆ ಬೆಳೆಯೋ ಊರು ಅಂದ್ರೆ ಗಂಟೆಗಟ್ಲೆ ಮಾತಾಡ್ತಾರೆ.

ನಮ್ಮ ದೇಶದೊಳಗೇ ಹೋಗೋದಾದ್ರೆ ಲಕ್ಷದ್ವೀಪ, ಅಂಡಮಾನ್. ಲಕ್ಷದ್ವೀಪದಲ್ಲಿ ವಿಮಾನ ಇಳಿಯೋದು ಅಗತ್ತಿಯಲ್ಲಿ ಮಾತ್ರ, ಕೊಚ್ಚಿಯಿಂದ ಎಟಿಆರಲ್ಲಿ ಒಂದೂವರೆ ಗಂಟೆ. ಸೊಗಾನೆ ರನ್‌ವೇ 3,200 ಮೀಟರ್ ಇದ್ರೆ ಅಗತ್ತಿದು ಸುಮಾರು 1,200, ಎರಡೂ ಕಡೆ ಸಮುದ್ರ, ಬಲಗಡೆ ಎಡಗಡೆ ಎಲ್ಲಿ ಕೂತ್ರೂ ಕಿಟಕಿ ತುಂಬಾ ನೀರೇ. ಹಡಗು ಕೊಚ್ಚಿಯಿಂದ, 14ರಿಂದ 18 ಗಂಟೆ, ಯಾವ ದ್ವೀಪ ಅನ್ನೋದ್ರ ಮೇಲೆ. ರಾತ್ರಿ ಮಲಗಿ ಹೋಗೋದ್ರಿಂದ ಹಡಗೇ ಲಾಭ, ಆದ್ರೆ ಪರ್ಮಿಟ್ ಇಲ್ದೆ ಎರಡನ್ನೂ ಹತ್ತೋಕ್ಕಾಗಲ್ಲ, ಹಡಗಿನ ಡೇಟೂ ಪರ್ಮಿಟ್ ಡೇಟೂ ಕೂಡಿ ಬರೋದು ಕಷ್ಟ. ಹೋಗೋಕೆ ಹಡಗು, ಬರೋಕೆ ವಿಮಾನ ಮಾಡ್ಕೊಂಡ್ರೆ ಎರಡೂ ನೋಡ್ದಂಗಾಯ್ತು. ಅಗತ್ತಿಯಿಂದ ಬೇರೆ ದ್ವೀಪಕ್ಕೆ ದೋಣಿ, ಇಲ್ಲಾ ಹೆಲಿಕಾಪ್ಟರ್, ಹೆಲಿಕಾಪ್ಟರನ್ನ ಮಾತ್ರ ಪ್ಲಾನಲ್ಲಿ ಇಟ್ಕೋಬೇಡಿ, ಕಾಯಿಲೆಯವ್ರು ಬಂದ್ರೆ ಅವ್ರಿಗೇ ಮೊದ್ಲು.

ಅಂಡಮಾನಲ್ಲಿ 2010ರ ಡಿಸೆಂಬರ್ ಕೊನೇಲಿ ಜಲಹಂಸ ಅಂತ ಸೀಪ್ಲೇನ್ ಶುರು ಮಾಡಿದ್ರು, ಅದೂ ಕ್ಯಾರವಾನ್ನೇ, ಆಮೇಲೆ ನಿಂತುಹೋಯ್ತು. ಪೋರ್ಟ್‌ಬ್ಲೇರಿಂದ, ಅಂದ್ರೆ ಈಗಿನ ಶ್ರೀ ವಿಜಯಪುರಂನಿಂದ, ಹ್ಯಾವ್‌ಲಾಕಿಗೆ ಸರ್ಕಾರಿ ಫೆರಿ ಎರಡೂವರೆ ಗಂಟೆ, ಕೆಲವು ನೂರು ರೂಪಾಯಿ. ಪ್ರೈವೇಟ್ ದೋಣಿ ಒಂದೂವರೆ ಗಂಟೆ, ಸಾವಿರದ ಮೇಲೆ, ಏಸಿ, ಆದ್ರೆ ಹೊರಗೆ ನಿಂತು ಗಾಳಿ ಕುಡಿಯೋಕೆ ಎಲ್ಲಾ ದೋಣೀಲೂ ಬಿಡಲ್ಲ. ಒಂದು ಗಂಟೆ ಉಳಿಸೋಕೆ ಅಷ್ಟು ದುಡ್ಡು ನಾನಂತೂ ಕೊಡಲ್ಲ, ಸರ್ಕಾರಿ ಟಿಕೆಟ್ ಮುಗಿದಿದ್ರೆ ಮಾತ್ರ. ಚೆನ್ನೈಯಿಂದ ಹಡಗಲ್ಲಿ ಮೂರು ದಿನ ಅನ್ನೋದು ಕೇಳೋಕೆ ಚೆಂದ, ದಿನದ ಲೆಕ್ಕ ಹಾಕಿದ್ರೆ ವಿಮಾನಕ್ಕಿಂತ ಜಾಸ್ತಿನೇ ಆಗುತ್ತೆ, ಆ ಮೂರು ದಿನನೇ ನಿಮಗೆ ಬೇಕಾದ ಪ್ರಯಾಣ ಅಂದ್ರೆ ಮಾತ್ರ ಹತ್ತಿ.

ಹೊಟ್ಟೆ ವಿಷಯ. ಆಗುಂಬೆ ಘಾಟಿಯ 14 ತಿರುವಲ್ಲಿ ನಿಮಗೆ ವಾಂತಿ ಬರುತ್ತೆ ಅಂದ್ರೆ ಸ್ಪೀಡ್ ಬೋಟಲ್ಲಿ ಖಂಡಿತ ಬರುತ್ತೆ, ಅದು ಅಲೆಗೆ ಹಾರಿ ಹಾರಿ ಬೀಳುತ್ತೆ, ಹಿಂದಿನ ಸೀಟು ತಗೊಳ್ಳಿ, ಬೆನ್ನು ನೋವಿದ್ದೋರು ಹತ್ತಲೇಬೇಡಿ. ದೊಡ್ಡ ಹಡಗಲ್ಲಿ ಮಧ್ಯದಲ್ಲಿ, ಕೆಳಗಿನ ಡೆಕ್ಕಲ್ಲಿ ಕೂತ್ರೆ ಕುಲುಕಾಟ ಕಮ್ಮಿ. ಸಣ್ಣ ವಿಮಾನದಲ್ಲಿ ಬೆಳಗಿನ ಫ್ಲೈಟೇ ಹಿಡೀರಿ, ಮಧ್ಯಾಹ್ನ ನೆಲ ಕಾದ ಮೇಲೆ ಬಿಸಿ ಗಾಳಿ ಮೇಲೇಳುತ್ತೆ, ಆಗ ಎತ್ತಿ ಕುಕ್ಕುತ್ತೆ. ಅವೋಮಿನ್ ಮಾತ್ರೆ ಹತ್ತೋಕೆ ಒಂದು ಗಂಟೆ ಮುಂಚೆ, ಡಾಕ್ಟರ್ ಹತ್ರ ಒಂದ್ಮಾತು ಕೇಳಿ ತಗೊಳ್ಳಿ, ನಿದ್ದೆ ಬರುತ್ತೆ. ಕ್ಯಾರವಾನಲ್ಲಿ ಟಾಯ್ಲೆಟ್ ಇಲ್ಲ ಅನ್ನೋದೂ ನೆನಪಿರ್ಲಿ.

ಬ್ಯಾಗು ಮೆತ್ತಗಿಂದು ತಗೊಳ್ಳಿ, ಗಾಲಿ ಇರೋ ಗಟ್ಟಿ ಸೂಟ್‌ಕೇಸು ಕ್ಯಾರವಾನಿನ ಹೊಟ್ಟೆ ಕೆಳಗಿನ ಡಬ್ಬಿಗೆ ಹೋಗಲ್ಲ ಅಂತ ಬಿಟ್ಟು ಹೋಗ್ತಾರೆ. ಸೂಸಿ ಏರಲ್ಲಿ 10 ಕೆಜಿ, ಜಾಂಜಿಬಾರಲ್ಲಿ 15, ಹಂಗಾಗಿ ಹತ್ತು ಕೆಜಿ ಒಳಗೆ ಕಟ್ಟಿದ್ರೆ ಎಲ್ಲೂ ತೊಂದ್ರೆ ಇಲ್ಲ. ಮನೇಲಿ ಅಡಿಕೆ ತೂಗೋ ತಕ್ಕಡಿ ಇದ್ದೇ ಇರುತ್ತಲ್ಲ, ಹೊರಡೋ ಹಿಂದಿನ ದಿನ ಬ್ಯಾಗನ್ನ ಅದಕ್ಕೇ ನೇತುಹಾಕಿ ನೋಡಿ.

ಇನ್ನು ಯಾವಾಗ ಹೋಗೋದು. ನಮ್ ಕಡೆ ಅಡಿಕೆ ಕೊನೆ ಕೊಯ್ಲು ಮುಗಿದು ಕೈ ಖಾಲಿ ಆಗೋದು ಫೆಬ್ರವರಿ ಮಾರ್ಚಿಗೆ, ಅಂಡಮಾನ್ ಲಕ್ಷದ್ವೀಪ ಮಾಲ್ಡೀವ್ಸ್ ಮೂರಕ್ಕೂ ಸಮುದ್ರ ತಣ್ಣಗಿರೋದು ಆವಾಗ್ಲೇ, ದೋಣಿ ನಂಬ್ಕೊಂಡು ಹೋಗ್ಬಹುದು. ಮೇ ಕೊನೆಯಿಂದ ಸೆಪ್ಟೆಂಬರವರೆಗೆ ಇಲ್ಲಿ ಮಳೆ ಹೊಡೆಯೋವಾಗ ಅಲ್ಲೂ ಕಡಲು ಎದ್ದಿರುತ್ತೆ, ಆಗ ದೋಣಿ ಕ್ಯಾನ್ಸಲ್ ಆಗೋದು ಮಾಮೂಲು. ಬಾಲಿ ಲೊಂಬೊಕ್ ಕಡೆ ಉಲ್ಟಾ, ಡಿಸೆಂಬರಿಂದ ಫೆಬ್ರವರಿ ಅಲ್ಲಿನ ಮಳೆಗಾಲ, ಏಪ್ರಿಲ್ ಆದ್ಮೇಲೆ ಹೋಗಿ.

ಯಾವ ತಿಂಗಳಾದ್ರೂ ಸರಿ, ವಾಪಸ್ ಬರೋ ದೊಡ್ಡ ವಿಮಾನದ ದಿನಾನೇ ದ್ವೀಪದಿಂದ ಹೊರಡೋ ಪ್ಲಾನ್ ಮಾಡ್ಬೇಡಿ. ಒಂದ್ಸಲ ನಾನೂ ನನ್ನ ಚಿಕ್ಕಪ್ಪನ ಮಗಳೂ ಹಂಗೆ ಮಾಡಿದ್ವಿ, ಬೆಳಗ್ಗೆ ಜೆಟ್ಟಿಗೆ ಬಂದ್ರೆ ಗಾಳಿ ಜೋರು ದೋಣಿ ಇಲ್ಲ ಅಂತ ಬೋರ್ಡು. ಆಕಾಶ ನೋಡಿದ್ರೆ ಒಂದು ಮೋಡ ಇಲ್ಲ, ಬಿಸಿಲು ಹೊಡೀತಿದೆ, ನೀರು ಮಾತ್ರ ಜೆಟ್ಟಿ ಕಂಬಕ್ಕೆ ಬಡಿದು ಮೇಲೆ ಚಿಮ್ತಿದೆ. ದೋಣಿ ದುಡ್ಡು ವಾಪಸ್ ಕೊಟ್ರು, ಬೆಂಗಳೂರಿನ ಟಿಕೆಟ್ ದುಡ್ಡು ಹೋಯ್ತು, ಹೊಸ ಟಿಕೆಟ್ಟಿಗೆ ಹಳೇದರ ಎರಡರಷ್ಟು ಕೊಟ್ವಿ. ತಂಗಿ ಬ್ಯಾಗಿನ ಮೇಲೆ ಕೂತು, ಅಣ್ಣಾ ಇದು ನಮ್ ಹೊಳೆಬಾಗಿಲೇ ಆಯ್ತಲ್ಲ ಅಂದ್ಲು. ಆವತ್ತಿಂದ ಕೊನೇ ರಾತ್ರಿ ಏರ್‌ಪೋರ್ಟ್ ಇರೋ ಊರಲ್ಲೇ ಕಮ್ಮಿ ರೇಟಿನ ರೂಮ್ ಮಾಡ್ತೀನಿ, ಆ ರೂಮಿನ ದುಡ್ಡನ್ನ ಮೊದಲ ದಿನವೇ ತೆಗೆದು ಬೇರೆ ಇಟ್ಟಿರ್ತೀನಿ.